ಹತ್ತು ಜನರ ಮಾತು ಕೇಳಿ ಕ್ಯಾಮೆರಾ ಆರಿಸುವುದು ಹೇಗೆ

ನನ್ನ ಹಳೆಯ ಕ್ಯಾಮೆರಾ ಒಂದು ಹುಟ್ಟುಹಬ್ಬದ ದಿನ ಕೈಕೊಟ್ಟಿತು. ಕ್ಲಿಕ್ ಅನ್ನುವ ಬದಲು ಕಿರ್ ಅಂದಿತು, ಕಣ್ಣಿಟ್ಟು ನೋಡುವ ವ್ಯೂಫೈಂಡರ್ ಕಪ್ಪಾಯಿತು. ಶಟರ್ (ಪ್ರತಿ ಫೋಟೋಗೂ ತೆರೆದು ಮುಚ್ಚುವ ಪರದೆ) ಒಂದೂವರೆ ಲಕ್ಷ ಕ್ಲಿಕ್ ಬಾಳುತ್ತೆ ಅಂತ ಕಂಪನಿ ಹೇಳಿತ್ತು. ನನ್ನದು 43 ಸಾವಿರಕ್ಕೇ ಹೋಯಿತು. ಅದೇ ಮಾಡೆಲ್ ನನ್ನ ಗೆಳೆಯನ ಹತ್ತಿರ ಎರಡು ಲಕ್ಷ ದಾಟಿ ಓಡುತ್ತಿದೆ. ನನ್ನನ್ನು ಕೇಳಿದರೆ ‘ಬೇಡವೇ ಬೇಡ’, ಅವನನ್ನು ಕೇಳಿದರೆ ‘ಕಣ್ಮುಚ್ಚಿ ತಗೊಳ್ಳಿ’. ಇಬ್ಬರದೂ ನಿಜ, ಆದರೆ ನಿಮಗೆ ಎರಡರಿಂದಲೂ ಉಪಯೋಗವಿಲ್ಲ.

ಹಾಗಾಗಿ ‘ಯಾರದಾದರೂ ಕೆಟ್ಟಿದೆಯಾ?’ ಅಂತ ಕೇಳಬೇಡಿ. ಕೆಟ್ಟವರು ಮಾತ್ರ ಓಡಿ ಬರುತ್ತಾರೆ. ‘ಇದು ಯಾರ ಹತ್ತಿರ ಇದೆ?’ ಅಂತ ಮೊದಲು ಕೇಳಿ, ತಲೆ ಎಣಿಸಿ, ಆಮೇಲೆ ಕೆಟ್ಟದ್ದರ ವಿಚಾರ.

ಹತ್ತೂ ಜನ ‘ಚೆನ್ನಾಗಿದೆ’ ಅಂದರು ಅಂದುಕೊಳ್ಳಿ. ಖುಷಿಪಡುವ ಮುಂಚೆ ಸ್ವಲ್ಪ ಲೆಕ್ಕ. ನೂರಕ್ಕೆ ಐದು ಕೆಡುವ ಮಾಡೆಲ್ ಆದರೂ, ಹತ್ತಕ್ಕೆ ಹತ್ತೂ ಸರಿಯಿರುವ ಸಾಧ್ಯತೆ ಸುಮಾರು 60 ಪರ್ಸೆಂಟ್! 0.95 ಅನ್ನು ಹತ್ತು ಸಲ ಗುಣಿಸಿ ನೋಡಿ. ಇನ್ನೊಂದು ಸುಲಭ ಉಪಾಯವಿದೆ. ಒಂದೂ ಕೆಟ್ಟಿಲ್ಲದಿದ್ದರೆ 3ನ್ನು ಜನರ ಸಂಖ್ಯೆಯಿಂದ ಭಾಗಿಸಿ. 30 ಜನರಾದರೆ ನೂರಕ್ಕೆ 10. ಅಂದರೆ ನೂರಕ್ಕೆ ಹತ್ತರವರೆಗೂ ಕೆಡಬಹುದು ಅನ್ನುವ ಅನುಮಾನ ಇನ್ನೂ ಉಳಿದೇ ಇರುತ್ತೆ.

ಎಷ್ಟು ಬಳಸಿದ್ದಾರೆ ಅನ್ನುವುದನ್ನೂ ಕೇಳಿ. ಎರಡು ತಿಂಗಳ ಹಿಂದೆ ಕೊಂಡು ಬೀರುವಿನಲ್ಲಿಟ್ಟವರ ಹೊಗಳಿಕೆಗೆ ಬೆಲೆ ಕಮ್ಮಿ. ಕೆಳಗೆ ಬೀಳಿಸಿ ಒಡೆದವರ ದೂರಿಗೂ ಅಷ್ಟೇ.

ಆದರೆ ಕೆಲವೇ ಜನರ ಮಾತಿಗೂ ತೂಕ ಬರುವ ಸಂದರ್ಭ ಒಂದಿದೆ: ಒಬ್ಬರಿಗೊಬ್ಬರು ಪರಿಚಯವಿಲ್ಲದವರು ಒಂದೇ ತೊಂದರೆಯನ್ನು ಒಂದೇ ಥರ ಹೇಳಿದಾಗ. 2012ರಲ್ಲಿ ಬಂದ ನಿಕಾನ್ ಡಿ600 ನೆನಪಿದೆಯಾ? ಫೋಟೋದ ಎಡ ಮೇಲ್ಮೂಲೆಯಲ್ಲಿ ಚುಕ್ಕೆಗಳು ಅಂತ ಒಬ್ಬೊಬ್ಬರಾಗಿ ಹೇಳತೊಡಗಿದರು. ಕಂಪನಿ 2013ರಲ್ಲಿ ಆ ಬಗ್ಗೆ ಸೂಚನೆ ಕೊಟ್ಟಿತು, 2014ರಲ್ಲಿ ಉಚಿತವಾಗಿ ಸರಿಮಾಡಿಕೊಡಲು ಒಪ್ಪಿತು. ಒಬ್ಬರ ಶಟರ್, ಇನ್ನೊಬ್ಬರ ಬ್ಯಾಟರಿ, ಮತ್ತೊಬ್ಬರ ಬಟನ್ ಕೆಟ್ಟರೆ ನಾನು ತಲೆ ಕೆಡಿಸಿಕೊಳ್ಳಲ್ಲ. ಮೂವರದೂ ಒಂದೇ ಚುಕ್ಕೆಯಾದರೆ ಆ ಮಾಡೆಲ್ ಬಿಟ್ಟುಬಿಡುತ್ತೇನೆ.

ಈಗ ನಾನು ಕೊನೆಗೆ ಕೇಳುವುದು ಒಂದೇ: ರಿಪೇರಿಗೆ ಕೊಟ್ಟವರಿಗೆ ಎಷ್ಟು ದಿನಕ್ಕೆ ವಾಪಸ್ ಸಿಕ್ಕಿತು? ನನಗೆ ಏಳು ವಾರ ಹಿಡಿದಿತ್ತು.