ಕೂಸಿನ ಬಿಕ್ಕಳಿಕೆ: ನನ್ನ ಬಾಣಂತನದ ಅನುಭವ

ನಾನು ಕೊಡಗಿನ ಸೋಮವಾರಪೇಟೆ, ಶನಿವಾರಸಂತೆ, ಕುಶಾಲನಗರದ ಕಡೆ ಮನೆಮನೆಗೆ ಹೋಗಿ ಬಾಣಂತನ ಮಾಡುವವಳು. ಹತ್ತಿರ ಹತ್ತಿರ 15 ವರ್ಷವಾಯಿತು. ಎಷ್ಟು ಕೂಸುಗಳಿಗೆ ನೀರು ಎರೆದಿದ್ದೇನೆ ಅಂತ ಲೆಕ್ಕ ಇಟ್ಟಿಲ್ಲ. ಎಣ್ಣೆ, ನೀರು, ಸಾಂಬ್ರಾಣಿ, ಬಾಣಂತಿ ಊಟ ಇವೆಲ್ಲ ಈ ಕೆಲಸದವರಿಗೆ ಗೊತ್ತಿದ್ದದ್ದೇ, ಅದನ್ನು ಬಿಡುತ್ತೇನೆ. ಹೇಳಬೇಕಾದ್ದು ಬಿಕ್ಕಳಿಕೆ ಬಗ್ಗೆ. ಅದು ಕಮ್ಮಿಯಾಗಲಿ ಅಂತ ನಾನು ಹಾಲು ಕುಡಿಸುವ ಮಧ್ಯೆ ನಿಲ್ಲಿಸಿ ಕೂಸನ್ನು ತೇಗಿಸುತ್ತೇನೆ. "ಕುಡಿಯೋ ಕೂಸಿನ ಬಾಯಿಂದ ಮೊಲೆ ಬಿಡಿಸೋದಾ? ಇವಳೆಂಥ ಬಾಣಂತನ ಮಾಡ್ತಾಳೆ!" ಅಂತ ಆಡಿಕೊಂಡವರೇ ಈಗ ಮಗಳಿಗೆ ಏಳು ತಿಂಗಳು ತುಂಬುವ ಮೊದಲೇ ಫೋನ್ ಮಾಡಿ ನನ್ನನ್ನು ಗೊತ್ತು ಮಾಡಿಕೊಳ್ಳುತ್ತಾರೆ. ಸ್ವಲ್ಪ ಜಂಬ ಕಂಡರೆ ಸಹಿಸಿಕೊಳ್ಳಿ.

ಬಿಕ್ಕಳಿಕೆಯಿಂದ ಕೂಸಿಗೆ ಏನೂ ಆಗಲ್ಲ. ಹೊಟ್ಟೆಯೊಳಗಿದ್ದಾಗಲೇ ಬಿಕ್ಕುತ್ತದೆ, ಬಸುರಿಯರನ್ನೇ ಕೇಳಿ. ತಾಳ ಹಾಕಿದ ಹಾಗೆ ಒಂದೇ ಜಾಗದಲ್ಲಿ ಮಿಡಿಯುತ್ತದೆ ಅನ್ನುತ್ತಾರೆ. ನಮ್ಮ ಅಜ್ಜಿಯರು "ಕರುಳು ಬೆಳೀತಾ ಇದೆ, ಬಿಡು" ಅನ್ನುತ್ತಿದ್ದರು. ಕರುಳಿಗೂ ಇದಕ್ಕೂ ಸಂಬಂಧ ಇಲ್ಲ, ಆದರೆ ಆ ಮಾತು ಕೇಳಿ ಮನೆಯವರು ಸುಮ್ಮನಿರುತ್ತಿದ್ದರು. ಈಗಿನವರಿಗೆ ಸುಮ್ಮನಿರಲು ಆಗಲ್ಲ. ರಾತ್ರಿ ಎರಡು ಗಂಟೆಗೆ ಕೂಸು ಹತ್ತು ನಿಮಿಷ ಬಿಕ್ಕಿದರೆ ಸಾಕು, ಮನೆಯ ಲೈಟೆಲ್ಲ ಹತ್ತಿಕೊಳ್ಳುತ್ತವೆ.

ಮಾದಾಪುರದ ಆಚೆ ಒಂದು ತೋಟದ ಮನೆ. ಕಕ್ಕಡದ (ಜುಲೈ–ಆಗಸ್ಟ್) ಮಳೆ, ಕರೆಂಟ್ ಇಲ್ಲ. ಕೂಸಿಗೆ ಹನ್ನೆರಡೋ ಹದಿಮೂರೋ ದಿನ. ಬಿಕ್ಕಳಿಕೆ ನಿಲ್ಲಲಿಲ್ಲ ಅಂತ ಜೀಪು ಮಾಡಿಕೊಂಡು ಮಡಿಕೇರಿಗೆ ಓಡಿದರು. ಡಾಕ್ಟರ್ ಎದೆ, ಹೊಟ್ಟೆ ಎಲ್ಲ ನೋಡಿ ಮನೆಗೆ ಕಳಿಸಿದರು. ಅಷ್ಟರಲ್ಲಿ ಕೂಸಿಗೆ ಗಾಢ ನಿದ್ದೆ. ಜೀಪಿಗೆ ಸುಮಾರು ಎರಡು ಸಾವಿರ ಹೋಯಿತು. ಅದೇ ಮನೆಯಲ್ಲಿ ಗ್ರೈಪ್ ವಾಟರ್, ಗ್ಯಾಸಿನ ಡ್ರಾಪ್ಸು, ಆನ್‌ಲೈನಲ್ಲಿ ತರಿಸಿದ ಗಾಳಿ ಹೋಗದ ಬಾಟಲು ಅಂತ ಇನ್ನೂ ಸಾವಿರದ ಇನ್ನೂರೋ ಮುನ್ನೂರೋ ಖರ್ಚಾಗಿತ್ತು. ನನಗೆ ಆಗ ದಿನಕ್ಕೆ 600. ನೀವೇ ಲೆಕ್ಕ ಹಾಕಿ.

ಮೊದಮೊದಲು ನಾನೂ ಕಂಡದ್ದೆಲ್ಲ ಮಾಡಿ ನೋಡಿದೆ. ಹಳೇ ಸೀರೆಯ ಎಳೆ ಕಿತ್ತು, ಉಗುಳು ಹಚ್ಚಿ ಹಣೆಗೆ ಅಂಟಿಸುವುದು ಗೊತ್ತಲ್ವಾ? ಬಿಕ್ಕಳಿಕೆ ಅದರ ಪಾಡಿಗೆ ಹತ್ತು ನಿಮಿಷಕ್ಕೆ ನಿಲ್ಲುತ್ತದೆ, ಹೆಸರು ಎಳೆಗೆ ಬರುತ್ತದೆ. ಮುಖಕ್ಕೆ ಗಾಳಿ ಊದಿದರೆ ಕೂಸು ಬೆಚ್ಚುತ್ತದೆ ಅಷ್ಟೆ, ಆಮೇಲೆ ಅಳುತ್ತಾ ಬಿಕ್ಕುತ್ತದೆ. ಚಮಚದಲ್ಲಿ ಬಿಸಿನೀರು ಕುಡಿಸುವವರಿದ್ದಾರೆ. ಆರು ತಿಂಗಳವರೆಗೆ ಎದೆಹಾಲು ಬಿಟ್ಟು ಒಂದು ಹನಿ ನೀರೂ ಬೇಡ ಅಂತ ಆಶಾ ಕಾರ್ಯಕರ್ತೆ ಬಂದಾಗಲೆಲ್ಲ ಹೇಳುತ್ತಾಳೆ. ಅದು ಸರಿಯೇ.

ನಮ್ಮ ಕಡೆ ಮುಖ್ಯವಾಗಿ ಜೇನಿನ ಕಾಟ. ಕೊಡಗಿನಲ್ಲಿ ಜೇನಿಲ್ಲದ ಮನೆ ಇಲ್ಲ. ಮಾವ ಖುದ್ದಾಗಿ ಪೆಟ್ಟಿಗೆಯಿಂದ ತೆಗೆದ ಜೇನು, ಕಲಬೆರಕೆ ಇಲ್ಲ, ಒಂದು ಬೆರಳು ನೆಕ್ಕಿಸಿದರೆ ಏನಾಗುತ್ತೆ ಅಂತ ಕೇಳುತ್ತಾರೆ. ವರ್ಷ ತುಂಬುವವರೆಗೆ ಜೇನು ಬಾಯಿಗೆ ಹೋಗಕೂಡದು. ಅದರಲ್ಲಿ ಇರಬಹುದಾದ ಒಂದು ರೋಗಾಣು ಕೂಸಿನ ಹೊಟ್ಟೆಯಲ್ಲಿ ವಿಷ ಬಿಡುತ್ತದೆ, ಕೈಕಾಲು ಸೋಲುತ್ತವೆ, ಉಸಿರಾಟಕ್ಕೇ ತೊಂದರೆ ಆಗಬಹುದು. ಜೇನು ಎಷ್ಟೇ ಚೊಕ್ಕವಾಗಿರಲಿ, ಕಾಯಿಸಿರಲಿ, ಆ ರೋಗಾಣು ಸಾಯಲ್ಲ. ಈ ವಿಷಯಕ್ಕೆ ಒಂದು ಮನೆಯ ಕೆಲಸವನ್ನೇ ಅರ್ಧಕ್ಕೆ ಬಿಟ್ಟು ಬಂದಿದ್ದೇನೆ. ಸುಮಾರು ಎಂಟು ಸಾವಿರ ಬರಬೇಕಿತ್ತು, ಬರಲಿಲ್ಲ.

ಇನ್ನು ದಾರಿಗೆ ಬರುತ್ತೇನೆ. ಬಿಕ್ಕಳಿಕೆ ಬಂದ ಮೇಲೆ ಮದ್ದು ಹುಡುಕುವುದನ್ನು ಬಿಟ್ಟು, ಕೂಸು ಹೇಗೆ ಕುಡಿಯುತ್ತದೆ ಅಂತ ನೋಡುತ್ತಾ ಕೂತೆ. ಹೆರಿಗೆಯಾಗಿ ಮೂರು ನಾಲ್ಕು ದಿನಕ್ಕೆ ಹಾಲು ತುಂಬಿ ಬರುತ್ತದಲ್ಲ, ಅಲ್ಲಿಂದ ಬಿಕ್ಕಳಿಕೆಯೂ ಜಾಸ್ತಿ ಆಗುತ್ತಿತ್ತು. ಕೂಸು ಮೊಲೆ ಕಚ್ಚಿದ ತಕ್ಷಣ ಹಾಲು ಚಿಮ್ಮುತ್ತದೆ. ಅದು ಗಟಗಟ ನುಂಗುತ್ತದೆ, ಕಣ್ಣು ದೊಡ್ಡದು ಮಾಡುತ್ತದೆ, ಬಾಯಿಯ ಓರೆಯಿಂದ ಹಾಲು ಸೋರುತ್ತದೆ, ಎರಡು ಮುಷ್ಟಿಯೂ ಬಿಗಿ. ಮಧ್ಯೆ ಮಧ್ಯೆ ನಾಲಿಗೆಯಿಂದ "ಟಕ್, ಟಕ್" ಅಂತ ಸದ್ದು ಬಂದರೆ ಬಾಯಿ ಸರಿಯಾಗಿ ಕಚ್ಚಿಲ್ಲ, ಹಾಲಿನ ಜೊತೆ ಗಾಳಿಯೂ ಹೋಗುತ್ತಿದೆ ಅಂತ ಅರ್ಥ. ಪುಟ್ಟ ಹೊಟ್ಟೆ ದಿಢೀರ್ ಅಂತ ಉಬ್ಬಿ ಮೇಲಿನ ವಪೆಗೆ, ಅಂದರೆ ಎದೆಗೂ ಹೊಟ್ಟೆಗೂ ನಡುವಿನ ಪರದೆಗೆ, ಒತ್ತುತ್ತದೆ. ಬಿಕ್ಕದೆ ಇನ್ನೇನು ಮಾಡುತ್ತದೆ?

ಹಾಗಾಗಿ ನಾನು ಮಾಡುವುದು ಇಷ್ಟು. ಕೂಸು ಅತ್ತು ಕೆಂಪಾಗುವವರೆಗೆ ಕಾಯಲ್ಲ. ಮುಷ್ಟಿ ಬಾಯಿಗೆ ಹೋಯಿತು, ತಲೆ ಆ ಕಡೆ ಈ ಕಡೆ ಹುಡುಕಿತು ಅಂದರೆ ಕುಡಿಸುವ ಹೊತ್ತು. ಅತ್ತರೆ ಕುಡಿಯುವ ಮೊದಲೇ ಅರ್ಧ ಹೊಟ್ಟೆ ಗಾಳಿ. ಹಾಲು ಜೋರಾಗಿ ಚಿಮ್ಮುವ ತಾಯಿಯಾದರೆ ಮೊದಲ ರಭಸ ಬಟ್ಟೆಗೆ ಬೀಳಲಿ ಅನ್ನುತ್ತೇನೆ, ಆಮೇಲೆ ಬಾಣಂತಿ ದಿಂಬಿಗೆ ಹಿಂದಕ್ಕೆ ಒರಗಿ ಕೂಸನ್ನು ಎದೆಯ ಮೇಲೆ ಮಲಗಿಸಿ ಕುಡಿಸಬೇಕು. ಹಾಲು ಮೇಲಕ್ಕೆ ಏರಿ ಬರಬೇಕಲ್ಲ, ರಭಸ ತಗ್ಗುತ್ತದೆ. ಐದಾರು ನಿಮಿಷಕ್ಕೆ, ನುಂಗುವುದು ಸ್ವಲ್ಪ ನಿಧಾನವಾದ ಕೂಡಲೇ, ಕಿರುಬೆರಳನ್ನು ಕೂಸಿನ ಬಾಯಿಯ ಓರೆಗೆ ತೂರಿಸಿ ಮೊಲೆ ಬಿಡಿಸಿ ತೇಗಿಸುತ್ತೇನೆ. ಅಜ್ಜಿಯರು ಕಿರುಚುವುದು ಇಲ್ಲೇ. ತೇಗು ಬಂದ ಮೇಲೆ ಮತ್ತೆ ಕುಡಿಸುವುದು. ಮುಗಿದ ಮೇಲೆ ಇಪ್ಪತ್ತು ನಿಮಿಷವಾದರೂ ಎತ್ತಿಕೊಂಡಿರಬೇಕು, ತಕ್ಷಣ ತೊಟ್ಟಿಲಿಗೆ ಹಾಕಕೂಡದು. ಕುಡಿದದ್ದು ಸಾಲದೆ ಹೋಗುತ್ತದೆ ಅಂತ ಹೆದರುವವರಿಗೆ ಅಂಗನವಾಡಿಯ ತಕ್ಕಡಿ ತೋರಿಸುತ್ತೇನೆ. ನನ್ನ ಕೂಸುಗಳು ದಿನಕ್ಕೆ 25–30 ಗ್ರಾಂ ಏರುತ್ತವೆ.

ತೇಗು ಬರಲೊಲ್ಲದ ಮೊಂಡು ಕೂಸುಗಳಿಗೆ ಹೆಗಲ ಮೇಲೆ ಹಾಕುವ ನನ್ನದೇ ಒಂದು ರೀತಿ ಇದೆ. ಅದನ್ನು ಹೇಳಲ್ಲ, ಹೊಟ್ಟೆಪಾಡು. ಬೆನ್ನಿಗೆ ಬಡಿಯುವುದಲ್ಲ ಅಂತ ಮಾತ್ರ ತಿಳಿದುಕೊಳ್ಳಿ.

ಇಷ್ಟಾದರೂ ಒಮ್ಮೊಮ್ಮೆ ಬಂದೇ ಬರುತ್ತದೆ. ಆಗ ಕುಡಿದು ಖಾಲಿಯಾದ ಕಡೆಯ ಮೊಲೆಯನ್ನೇ ಮತ್ತೆ ಕಚ್ಚಿಸುತ್ತೇನೆ. ಹಾಲು ಹನಿಹನಿಯಾಗಿ ಬರುತ್ತದೆ, ಕೂಸು ಸುಮ್ನೆ ಚೀಪುತ್ತದೆ. ಮುಷ್ಟಿ ಬಿಚ್ಚಿಕೊಂಡು ಬೆರಳು ಸಡಿಲವಾದವು ಅಂದರೆ ಬಿಕ್ಕಳಿಕೆಯೂ ನಿಂತಿರುತ್ತದೆ. ಹತ್ತರಲ್ಲಿ ಏಳು ಸಲ ನಿಲ್ಲುತ್ತದೆ ಅನ್ನಬಹುದು. ಉಳಿದ ಮೂರು ಸಲ ಅದಾಗೇ ನಿಲ್ಲುವವರೆಗೆ ಎತ್ತಿಕೊಂಡಿರುವುದು.

ಒಂದು ಮನೆಯಲ್ಲಿ ಬಾಣಂತಿ ಮದ್ದುಸೊಪ್ಪಿನ ಪಾಯಸ ತಿಂದದ್ದಕ್ಕೇ ಕೂಸು ಬಿಕ್ಕುತ್ತಿದೆ ಅಂತ ಅತ್ತೆ ಹಟ ಹಿಡಿದರು. ಪಾಯಸ, ಬೇಳೆ, ಸೊಪ್ಪು ಎಲ್ಲ ಬಂದ್. ಅನ್ನ, ಕಾಳುಮೆಣಸಿನ ಸಾರು ಅಷ್ಟೇ. ವಾರವಾಯಿತು, ಬಿಕ್ಕಳಿಕೆ ಇದ್ದ ಹಾಗೇ ಇತ್ತು, ಹುಡುಗಿ ಮಾತ್ರ ಸೊರಗಿದಳು. "ಅತ್ತೆಮ್ಮ, ಮೊದಲು ಇವಳಿಗೆ ಊಟ ಹಾಕಿ, ಕೂಸನ್ನು ನಾನು ನೋಡ್ಕೋತೀನಿ" ಅಂದೆ. ಮತ್ತೆ ಎಲ್ಲವನ್ನೂ ಹಾಕಿಸಿದೆ. ಆಗಲೂ ಏನೂ ವ್ಯತ್ಯಾಸ ಕಾಣಲಿಲ್ಲ.

ಚಳಿಯ ವಿಷಯ ಬೇರೆ. ಹಂಡೆಯ ಬಿಸಿನೀರು ಎರೆದು ಬಚ್ಚಲಿನಿಂದ ಕೋಣೆಗೆ ತರುವಷ್ಟರಲ್ಲಿ, ನಮ್ಮ ಮಂಜಿನ ಗಾಳಿ ತಾಗಿದ್ದೇ ಬಿಕ್ಕಳಿಕೆ ಶುರುವಾಗುವ ಕೂಸುಗಳಿವೆ. ಒದ್ದೆ ಬಟ್ಟೆಯಲ್ಲಿ ಮಲಗಿದ್ದರೂ ಹಾಗೇ. ಟವೆಲನ್ನು ಅಗ್ಗಿಷ್ಟಿಕೆಯ ಹತ್ತಿರ ಬೆಚ್ಚಗೆ ಮಾಡಿಟ್ಟು ಬಚ್ಚಲಲ್ಲೇ ಸುತ್ತಿ ತಂದೆ. ಎಷ್ಟೋ ಕಮ್ಮಿ ಆಯಿತು. ಆದರೆ ಅಗ್ಗಿಷ್ಟಿಕೆಯನ್ನು ಬಾಗಿಲು ಮುಚ್ಚಿದ ಕೋಣೆಯಲ್ಲಿ ಇಡಬೇಡಿ. ಕೆಂಡದ ಗಾಳಿ ಜೀವಕ್ಕೇ ಅಪಾಯ, ಬಾಣಂತಿಗೂ ಕೂಸಿಗೂ. ಸಾಂಬ್ರಾಣಿ ಹೊಗೆಯನ್ನೂ ನಾನು ಈಗ ಕೂಸಿನ ಕೋಣೆಗೆ ತರಲ್ಲ.

ಬಾಟಲು ಕುಡಿಯುವ ಕೂಸಾದರೆ ಪುಡಿ ಕಲಸಿದ ಮೇಲೆ ನೊರೆ ಇಳಿಯಲು ಬಿಡಿ. ಕೂಸನ್ನು ಕೂರಿಸಿದ ಹಾಗೆ ಎತ್ತಿ ಹಿಡಿದು, ಬಾಟಲನ್ನು ಹೆಚ್ಚುಕಮ್ಮಿ ಅಡ್ಡಕ್ಕೆ ಹಿಡಿಯಿರಿ, ನಿಪ್ಪಲಿನ ತುಂಬ ಹಾಲು ಇರಲಿ. ನಿಪ್ಪಲು ಸಣ್ಣ ತೂತಿನದ್ದು ಸಾಕು, ಐವತ್ತು ಅರವತ್ತು ರೂಪಾಯಿಗೆ ಸಿಗುತ್ತದೆ. ಆನ್‌ಲೈನಿನ ಆರುನೂರರ ಬಾಟಲಿಗಿಂತ ಇದೇ ವಾಸಿ.

ಬಿಕ್ಕಳಿಕೆಯ ಜೊತೆ ಹಾಲು ದೂರಕ್ಕೆ ಚಿಮ್ಮುವಂತೆ ವಾಂತಿ, ಕುಡಿಯುವಾಗ ಬೆನ್ನು ಹಿಂದಕ್ಕೆ ಬಿಲ್ಲಾಗುವುದು, ತುಟಿ ನೀಲಿ, ಜ್ವರ, ತೂಕ ಏರದಿರುವುದು, ಇದರಲ್ಲಿ ಒಂದು ಕಂಡರೂ ನನ್ನಂಥವಳ ಮಾತು ಕೇಳಬೇಡಿ, ಜೀಪು ಹತ್ತಿ. ಆಗ ಎರಡು ಸಾವಿರ ದುಬಾರಿ ಅಲ್ಲ.

ಈಗ ಕುಶಾಲನಗರದಲ್ಲಿ ಅವಳಿ ಕೂಸುಗಳ ಮನೆಯಲ್ಲಿದ್ದೇನೆ, ದಿನಕ್ಕೆ 900. ದೊಡ್ಡದು ಚೆನ್ನಾಗಿ ತೇಗುತ್ತದೆ, ಬಿಕ್ಕುವುದು ಅಪರೂಪ. ಚಿಕ್ಕದಕ್ಕೆ ಮೂರು ಸಲ ನಿಲ್ಲಿಸಿ ನಿಲ್ಲಿಸಿ ಕುಡಿಸುತ್ತಿದ್ದೇನೆ, ಆದರೂ ಸಂಜೆಯ ಹಾಲಿಗೆ ಬಿಕ್ಕುತ್ತದೆ. ಸಂಜೆ ಹೊತ್ತು ನೋಡಲು ಬರುವ ನೆಂಟರು ಜಾಸ್ತಿ, ಕೂಸು ಕೈಯಿಂದ ಕೈಗೆ ಹೋಗುತ್ತಿರುತ್ತದೆ. ಬರುವ ವಾರ ಕುಡಿಸುವ ಹೊತ್ತಿಗೆ ಕೋಣೆಯ ಬಾಗಿಲು ಹಾಕಿ ನೋಡಬೇಕು.