‘ದಿ ವೇಸ್ಟ್ ಲ್ಯಾಂಡ್’ ಶುರುವಿನ ಸಾಲುಗಳನ್ನು ಬಿಡಿಸಿ ಓದುವುದು ಹೇಗೆ

ಏಪ್ರಿಲ್ ಅತಿ ಕ್ರೂರ ತಿಂಗಳು ಅಂತ ಇಂಗ್ಲಿಷ್ ಕವಿ ಟಿ.ಎಸ್. ಎಲಿಯಟ್ ‘ದಿ ವೇಸ್ಟ್ ಲ್ಯಾಂಡ್’ ಪದ್ಯದ ಮೊದಲ ಸಾಲಲ್ಲೇ ಬರೆದದ್ದನ್ನು ಚಳ್ಳಕೆರೆ ಕಡೆಯವರಿಗೆ ಯಾರೂ ವಿವರಿಸಬೇಕಿಲ್ಲ, ಮಧ್ಯಾಹ್ನ ಹೊರಗೆ ಕಾಲಿಟ್ಟರೆ ಸಾಕು. ತೊಂದರೆ ಇರುವುದೇ ಇಲ್ಲಿ. ದಾವಣಗೆರೆ, ಚಿತ್ರದುರ್ಗದಲ್ಲಿ ಇಂಗ್ಲಿಷ್ ಸಾಹಿತ್ಯ ಓದುವವರು ಪದ್ಯ ಕೈಗೆತ್ತಿಕೊಂಡ ತಕ್ಷಣ ನಮ್ಮ ಬಿಸಿಲನ್ನೇ ಆ ಸಾಲಿಗೆ ತುಂಬಿಬಿಡುತ್ತಾರೆ. ಆ ಏಪ್ರಿಲ್ ಬೇರೆ. ಅಲ್ಲಿ ಹಿಮ ಕರಗಿದೆ, ಮಳೆ ಬರುತ್ತಿದೆ, ಲೈಲಾಕ್ ಹೂ ಬಿಡುತ್ತಿದೆ. ಇಷ್ಟು ಚೆಂದದ ತಿಂಗಳು ಕ್ರೂರ ಯಾಕೆ? ಈ ಪ್ರಶ್ನೆ ಇಟ್ಟುಕೊಂಡೇ ಓದಲು ಕೂರಿ.

ಮೊದಲು ಪದ್ಯದ ಕೊನೆಗಿರುವ ಟಿಪ್ಪಣಿಗಳನ್ನು ಮುಚ್ಚಿಡಿ. 1922ರಲ್ಲಿ ಪದ್ಯ ಪತ್ರಿಕೆಗಳಲ್ಲಿ ಬಂದಾಗ ಅವು ಇರಲೇ ಇಲ್ಲ, ಪುಸ್ತಕವಾಗುವಾಗ ಎಲಿಯಟ್ ಸೇರಿಸಿದ್ದು. ಮೊದಲ ಏಳು ಸಾಲನ್ನು ಜೋರಾಗಿ ಓದಿ, ಪ್ರತಿ ಸಾಲು ಮುಗಿದಲ್ಲಿ ಒಂಚೂರು ನಿಲ್ಲಿ. ಕೊನೆಗೆ ಸಿಗುವ ಪದಗಳು ಇವು: ಬ್ರೀಡಿಂಗ್ (ಹುಟ್ಟಿಸುತ್ತಾ), ಮಿಕ್ಸಿಂಗ್ (ಬೆರೆಸುತ್ತಾ), ಸ್ಟಿರಿಂಗ್ (ಕೆದಕುತ್ತಾ), ಕವರಿಂಗ್ (ಮುಚ್ಚುತ್ತಾ), ಫೀಡಿಂಗ್ (ಉಣಿಸುತ್ತಾ). ಏಳರಲ್ಲಿ ಐದು ಸಾಲು ಹೀಗೆ ಕ್ರಿಯೆಯ ಮೇಲೆ ನೇತಾಡುತ್ತವೆ. ಏನನ್ನು ಹುಟ್ಟಿಸುತ್ತದೆ, ಏನನ್ನು ಕೆದಕುತ್ತದೆ ಅನ್ನುವುದು ಮುಂದಿನ ಸಾಲಿಗೆ ಬೀಳುತ್ತದೆ. ಪೂರ್ಣವಿರಾಮ ಸಿಗುವುದು ನಾಲ್ಕನೇ ಸಾಲಿನ ಮಳೆಯ ಹತ್ತಿರ, ಏಳನೇ ಸಾಲಿನ ಗೆಡ್ಡೆಯ ಹತ್ತಿರ, ಅಷ್ಟೇ. ಸುಮ್ನೆ ಇರೋಣ ಅಂದರೂ ಪದ್ಯ ಬಿಡುವುದಿಲ್ಲ.

ಈಗ ಐದನೇ ಸಾಲು. ಚಳಿಗಾಲ ನಮ್ಮನ್ನು ಬೆಚ್ಚಗಿಟ್ಟಿತ್ತಂತೆ! ಹಿಮ ಎಲ್ಲವನ್ನೂ ಮರೆಸಿತ್ತು, ಒಣಗಿದ ಗೆಡ್ಡೆ ತಿಂದುಕೊಂಡು ಒಂದಿಷ್ಟು ಜೀವ ಹೇಗೋ ಉಳಿದಿತ್ತು. ಅಂದರೆ ಸತ್ತಂತೆ ಬಿದ್ದಿರುವುದು ಸುಖ, ಮತ್ತೆ ಚಿಗುರುವುದು ಯಾತನೆ. ಇದು ತಲೆಗೆ ಹತ್ತಬೇಕಾದರೆ ನಮ್ಮ ಬಿಸಿಲಲ್ಲ, ಭರಣಿ ಮಳೆ ನೆನೆಸಿಕೊಳ್ಳಿ. ಹೋದ ವರ್ಷ ಶೇಂಗಾ ಕೈಕೊಟ್ಟಿದೆ, ಈ ಸಲ ಹೊಲ ಬೀಳು ಬಿಡೋಣ ಅಂತ ರೈತ ಮನಸ್ಸು ಗಟ್ಟಿ ಮಾಡಿಕೊಂಡಿದ್ದಾನೆ. ಏಪ್ರಿಲ್ ಕೊನೆಗೆ ಒಂದು ಹದ ಮಳೆ ಬಿದ್ದು ಮಣ್ಣಿನ ವಾಸನೆ ಬಂತೋ, ಮತ್ತೆ ಬೀಜ, ಗೊಬ್ಬರ, ಸಾಲ ಅಂತ ಲೆಕ್ಕ ಶುರು. ಹಳೇ ನೆನಪು, ಹೊಸ ಆಸೆ ಎರಡೂ ಒಟ್ಟಿಗೇ ಏಳುತ್ತವೆ, ಅಲ್ವಾ? ಮೂರನೇ ಸಾಲು ಹೇಳುವ ಬೆರಕೆ ಇದೇ. ಆದರೆ ಪರೀಕ್ಷೆಯ ಉತ್ತರದಲ್ಲಿ ಬೇವು-ಬೆಲ್ಲ ಮಾತ್ರ ತರಬೇಡಿ. ಅಲ್ಲಿ ಕಹಿಯ ಜೊತೆ ಸಿಹಿಯೂ ಇದೆ, ಇಲ್ಲಿ ಚುಚ್ಚುತ್ತಿರುವುದು ಸಿಹಿಯೇ.

ಎಂಟನೇ ಸಾಲಿನಲ್ಲಿ ಬಹಳ ಜನ ಎಡವುತ್ತಾರೆ. ದಿಢೀರನೆ ಬೇಸಿಗೆ, ಮ್ಯೂನಿಕ್ ಹತ್ತಿರದ ಸ್ಟಾರ್ನ್‌ಬರ್ಗ್ ಸರೋವರ, ಮಳೆ, ಕಾಫಿ, ಮಧ್ಯೆ ಒಂದು ಜರ್ಮನ್ ಸಾಲು, ಆಮೇಲೆ ಮರೀ ಎಂಬಾಕೆ ಚಿಕ್ಕಂದಿನಲ್ಲಿ ಹಿಮದ ಜಾರುಗಾಡಿ ಹತ್ತಿ ಹೆದರಿದ್ದು. ಸಂಬಂಧವಿಲ್ಲ ಅಂತ ಹಾರಿಸಬೇಡಿ. ಮಳೆ ಬೇರನ್ನು ಕೆದಕಿತು ಅಂದರಲ್ಲ, ಕೆದಕಿದಾಗ ಮೇಲೆ ಬಂದದ್ದೇ ಈ ನೆನಪು. ಐದನೇ ಸಾಲಿನ ‘ನಾವು’ ಯಾರು, ಎಂಟನೇ ಸಾಲಿನ ‘ನಾವು’ ಯಾರು ಅಂತ ಪೆನ್ಸಿಲಿನಲ್ಲಿ ಗುರುತು ಹಾಕಿ. ಖಚಿತ ಉತ್ತರ ಸಿಗುವುದಿಲ್ಲ. ದನಿ ಎಲ್ಲಿ ಬದಲಾಯಿತು ಅಂತ ತೋರಿಸಿದರೆ ಸಾಕು.

ಹೊರಗಿನ ಮಾಹಿತಿ ಆಮೇಲೆ. ಪದ್ಯದ ಈ ಮೊದಲ ಭಾಗದ ಹೆಸರು ‘ದಿ ಬರಿಯಲ್ ಆಫ್ ದಿ ಡೆಡ್’ (ಸತ್ತವರನ್ನು ಹೂಳುವುದು) ಬಂದಿರುವುದು ಚರ್ಚ್ ಆಫ್ ಇಂಗ್ಲೆಂಡಿನ ಶವಸಂಸ್ಕಾರದ ಪ್ರಾರ್ಥನೆಯಿಂದ. ಅಲ್ಲಿ ಸತ್ತವರನ್ನು ಹೂಳುವುದು ಮತ್ತೆ ಏಳುತ್ತಾರೆ ಅನ್ನುವ ಭರವಸೆಯಲ್ಲಿ. ಇಲ್ಲಿ? 71ನೇ ಸಾಲಿಗೆ ಹೋಗಿ ನೋಡಿ: ಹೋದ ವರ್ಷ ತೋಟದಲ್ಲಿ ನೆಟ್ಟೆಯಲ್ಲ ಆ ಹೆಣ, ಚಿಗುರಿತಾ ಅಂತ ಒಬ್ಬ ಇನ್ನೊಬ್ಬನನ್ನು ಕೇಳುತ್ತಾನೆ. ಶುರುವಿನ ಲೈಲಾಕ್ ಪಕ್ಕ ಇದನ್ನಿಟ್ಟು ಓದಿದರೆ ಮೈ ಜುಮ್ಮೆನ್ನುತ್ತದೆ. ಹದಿನಾಲ್ಕನೇ ಶತಮಾನದ ಇಂಗ್ಲಿಷ್ ಕವಿ ಚಾಸರ್‌ನ ಏಪ್ರಿಲ್ ಮಳೆ ಸಿಹಿ, ಅದು ಬಿದ್ದರೆ ಜನ ಯಾತ್ರೆ ಹೊರಡುತ್ತಾರೆ. ಎಲಿಯಟ್ ಅದನ್ನು ತಿರುಗಿಸಿದ್ದಾನೆ ಅಂತ ಒಂದು ವಾಕ್ಯ ಬರೆದರೆ ಸಾಕು. ಮೊದಲ ಮಹಾಯುದ್ಧಕ್ಕೂ ಅಷ್ಟೇ ಜಾಗ ಕೊಡಿ. ಎರಡು ಪುಟ ಯುದ್ಧದ ಕಥೆ ಹೇಳಿ ಪದ್ಯವನ್ನೇ ಮರೆತ ಉತ್ತರಗಳು ಜಾಸ್ತಿ.

ಬರೆಯುವಾಗ ಮೊದಲ ಸಾಲಿನಿಂದ ಶುರು ಮಾಡಲೇಬೇಕು ಅಂತೇನಿಲ್ಲ. ಐದನೇ ಸಾಲಿನ ಬೆಚ್ಚಗಿನ ಚಳಿಗಾಲದಿಂದ ಶುರು ಮಾಡಿ ಹಿಂದಕ್ಕೆ ಬನ್ನಿ, ಕ್ರೂರ ಅನ್ನುವುದನ್ನು ಬೇರೆಯಾಗಿ ವಿವರಿಸುವ ಕಷ್ಟ ತಪ್ಪುತ್ತದೆ.