ಕಾಲಿನೊಳಗೆ ಹೆಪ್ಪು, ರಿಪೋರ್ಟಿನಲ್ಲಿ ಪ್ಲೇಟ್‌ಲೆಟ್ ಕಮ್ಮಿ

ಬಾಗಲಕೋಟೆಯ ನವನಗರದಲ್ಲಿ ನನ್ನದೊಂದು ಸಣ್ಣ ಆಸ್ಪತ್ರೆ. ಅಲ್ಲಿಗೆ ಆ ಹೆಣ್ಣುಮಗಳು ಗಂಡ, ಅತ್ತೆಯ ಜೊತೆ ಬಂದಾಗ ಸಂಜೆ ಏಳಾಗಿತ್ತು, ನಾನು ಕೋಟು ಬಿಚ್ಚುತ್ತಿದ್ದೆ. ಗುಳೇದಗುಡ್ಡದ ಕಡೆಯವರು, ಖಣ ನೇಯುವ ಮನೆತನ. ಗಂಡ ಮಗ್ಗದ ಮೇಲೆ ಕೂತರೆ ಆಕೆ ನೆಲದ ಮೇಲೆ ಕೂತು ಕಂಡಿಕೆ ಸುತ್ತುವಾಕೆ. ಗುರುತು ಹತ್ತದಿರಲಿ ಎಂದು ವಯಸ್ಸು, ಮನೆಯ ವಿವರ ತುಸು ಬದಲಿಸಿದ್ದೇನೆ.

"ಸಾಹೇಬ್ರ, ಎಡಗಾಲು ಬಾತು ಎಂಟು ದಿನ ಆತ್ರಿ. ಎಣ್ಣಿ ಹಚ್ಚಿ ತಿಕ್ಕಿದ್ವಿ, ಕಮ್ಮಿ ಆಗವಲ್ದು" ಎಂದರು ಅತ್ತೆ. ಆನೆಕಾಲು ಇರಬೇಕೆಂದು ಊರಲ್ಲಿ ಯಾರೋ ಹೇಳಿದ್ದರಂತೆ. ನಮ್ಮ ಬಾಗಲಕೋಟೆ, ವಿಜಯಪುರದ ಕಡೆ ಆ ರೋಗ ಇರುವುದರಿಂದ ಬಾತ ಕಾಲನ್ನೆಲ್ಲ ಜನ ಮೊದಲು ಅದೇ ಲೆಕ್ಕಕ್ಕೆ ಹಾಕುತ್ತಾರೆ. ಆದರೆ ಆನೆಕಾಲು ಎಂಟು ದಿನದಲ್ಲಿ ಬರುವಂಥದ್ದಲ್ಲ.

ನನ್ನ ಡ್ರಾವರಿನಲ್ಲಿ ದರ್ಜಿಯ ಟೇಪೊಂದು ಸದಾ ಇರುತ್ತದೆ. ಮೊಣಕಾಲಿನ ಕೆಳಗೆ ಮುಂದೆ ಕೈಗೆ ಸಿಗುವ ಎಲುಬಿನ ಗುಬ್ಬಿಯಿಂದ 10 ಸೆಂಟಿಮೀಟರ್ ಕೆಳಗೆ ಪೆನ್ನಿನಿಂದ ಗೆರೆ ಎಳೆದು ಎರಡೂ ಮೀನಖಂಡ ಅಳೆದೆ. ಬಲಗಾಲು 32, ಎಡಗಾಲು 37. ಮೂರಕ್ಕಿಂತ ಹೆಚ್ಚಿನ ವ್ಯತ್ಯಾಸವಿದ್ದರೆ ಆಳದ ಸಿರೆಯಲ್ಲಿ ರಕ್ತ ಹೆಪ್ಪುಗಟ್ಟಿದೆಯೇ ಎಂದು ನೋಡಲೇಬೇಕು. ಮೊದಲು ತಿಕ್ಕುವುದನ್ನು ನಿಲ್ಲಿಸಿ ಎಂದೆ. ಹೆಪ್ಪು ಕಟ್ಟಿದ ಕಾಲನ್ನು ತಿಕ್ಕಿದರೆ ಅದರ ತುಂಡು ಕಳಚಿಕೊಂಡು ಶ್ವಾಸಕೋಶಕ್ಕೆ ಹೋಗಿ ಕೂರುವ ಅಪಾಯವಿದೆ.

ರಕ್ತನಾಳ ನೋಡುವ ಡಾಪ್ಲರ್ ಸ್ಕ್ಯಾನಿನಲ್ಲಿ ಅನುಮಾನ ಉಳಿಯಲಿಲ್ಲ. ಆರೋಗ್ಯವಂತ ಸಿರೆ ಪ್ರೋಬಿನಿಂದ ಮೆಲ್ಲಗೆ ಒತ್ತಿದರೆ ಕಣ್ಣು ಮುಚ್ಚಿದ ಹಾಗೆ ಮುಚ್ಚಿಕೊಳ್ಳುತ್ತದೆ. ಈಕೆಯದು ಎಷ್ಟು ಒತ್ತಿದರೂ ತೆರೆದೇ ಇತ್ತು, ಒಳಗೆ ಬೂದು ಬಣ್ಣದ ಗಟ್ಟಿ. ಮೊಣಕಾಲಿನ ಹಿಂದಿನಿಂದ ತೊಡೆಯ ಅರ್ಧದವರೆಗೆ.

ಇಷ್ಟಾದರೆ ದಾರಿ ಸರಳ. ಹೆಪ್ಪು ಬೆಳೆಯದಂತೆ ತಡೆಯುವ ಹೆಪಾರಿನ್ ಚುಚ್ಚುಮದ್ದು, ಆಮೇಲೆ ಗುಳಿಗೆ. ಅಷ್ಟರಲ್ಲಿ ರಕ್ತದ ವರದಿ ಬಂತು. ಹೆಪ್ಪುಗಟ್ಟಲು ನೆರವಾಗುವ ಕಣಗಳು, ಅಂದರೆ ಪ್ಲೇಟ್‌ಲೆಟ್ 41,000. ಒಂದೂವರೆ ಲಕ್ಷವಾದರೂ ಇರಬೇಕಾದದ್ದು. ರಕ್ತ ಎಷ್ಟು ಹೊತ್ತಿಗೆ ಹೆಪ್ಪುಗಟ್ಟುತ್ತದೆ ಎಂದು ನೋಡುವ ಎಪಿಟಿಟಿ 62 ಸೆಕೆಂಡು, ಸಾಮಾನ್ಯಕ್ಕಿಂತ ಹೆಚ್ಚುಕಡಿಮೆ ದುಪ್ಪಟ್ಟು.

ಇಲ್ಲಿ ನಾನು ತಪ್ಪಿದೆ. ಮಳೆಗಾಲ, ವಾರ್ಡಿನ ತುಂಬ ಡೆಂಗಿ. ಪ್ಲೇಟ್‌ಲೆಟ್ ಕಮ್ಮಿ ಎಂದರೆ ರಕ್ತ ಸೋರುತ್ತದೆ ಎಂಬ ಒಂದೇ ಅರ್ಥ ಆ ತಿಂಗಳುಗಳಲ್ಲಿ ನಮ್ಮ ತಲೆಯಲ್ಲಿ ಕೂತಿರುತ್ತದೆ. ಅದರ ಮೇಲೆ ಎಪಿಟಿಟಿಯೂ ಉದ್ದ. ಇಂಥ ರಕ್ತಕ್ಕೆ ಹೆಪಾರಿನ್ ಕೊಟ್ಟರೆ ಮಿದುಳಿನಲ್ಲಿ ರಕ್ತಸ್ರಾವವಾದೀತೆಂದು ಹೆದರಿ ಬೆಳಿಗ್ಗೆ ನೋಡೋಣ ಎಂದುಕೊಂಡೆ. ಬೆಳಿಗ್ಗೆ ಬಂದು ನೋಡಿದರೆ ಬಾವು ತೊಡೆಯ ಬುಡ ಮುಟ್ಟಿತ್ತು. ಪ್ಲೇಟ್‌ಲೆಟ್ ಕಮ್ಮಿ ಇದ್ದವರಿಗೆ ಹೆಪ್ಪುಗಟ್ಟುವುದಿಲ್ಲ ಎಂದು ಯಾವ ಪುಸ್ತಕದಲ್ಲೂ ಬರೆದಿಲ್ಲ. ನಾನೇ ಬರೆದುಕೊಂಡಿದ್ದೆ.

ಆ ಬೆಳಿಗ್ಗೆ ಎರಡು ಕೆಲಸ ಮಾಡಿದೆ. ಮೊದಲನೆಯದು, ಪ್ಲೇಟ್‌ಲೆಟ್ ನಿಜವಾಗಿಯೂ ಕಮ್ಮಿ ಇದೆಯೇ ಎಂದು ನೋಡುವುದು. ಕೆಲವರ ರಕ್ತದಲ್ಲಿ ನೇರಳೆ ಮುಚ್ಚಳದ ಟ್ಯೂಬಿನ ರಾಸಾಯನಿಕಕ್ಕೇ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿಕೊಂಡು ಗುಂಪಾಗುತ್ತವೆ, ಯಂತ್ರ ಗುಂಪನ್ನು ಎಣಿಸದೆ ಬಿಡುತ್ತದೆ. ನೀಲಿ ಮುಚ್ಚಳದ ಟ್ಯೂಬಿನಲ್ಲಿ ಇನ್ನೊಮ್ಮೆ ತೆಗೆಸಿ, ಸ್ಲೈಡನ್ನು ನಾನೇ ಸೂಕ್ಷ್ಮದರ್ಶಕದ ಕೆಳಗೆ ನೋಡಿದೆ. ಗುಂಪು ಇರಲಿಲ್ಲ. ಒಡೆದ ಕೆಂಪು ಕಣಗಳಿಲ್ಲ, ಕ್ಯಾನ್ಸರಿನ ಕಣಗಳಿಲ್ಲ. ಕಮ್ಮಿ ಎಂಬುದು ನಿಜವೇ.

ಎರಡನೆಯದು ಮಿಕ್ಸಿಂಗ್ ಪರೀಕ್ಷೆ. ಆಕೆಯ ಪ್ಲಾಸ್ಮಾಕ್ಕೆ ಆರೋಗ್ಯವಂತರ ಪ್ಲಾಸ್ಮಾ ಸಮ ಸಮ ಬೆರೆಸಿ ಎಪಿಟಿಟಿ ಮತ್ತೆ ನೋಡುವುದು. ರಕ್ತದಲ್ಲಿ ಯಾವುದೋ ಅಂಶ ಕೊರತೆಯಾಗಿದ್ದರೆ ಬೆರೆಸಿದ್ದರಿಂದ ಅದು ತುಂಬಿ ಸಮಯ ಸರಿಯಾಗಬೇಕು. ಆಗಲಿಲ್ಲ. ಅಂದರೆ ಕೊರತೆಯಲ್ಲ, ಒಳಗೆ ಅಡ್ಡಗಾಲು ಹಾಕುವ ಪ್ರತಿಕಾಯವೊಂದು ಕೂತಿದೆ. ಹೆಪಾರಿನ್ ಶುರುಮಾಡುವ ಮುನ್ನವೇ, ಅಂಥ ಪ್ರತಿಕಾಯವನ್ನು ಹುಡುಕುವ ಲೂಪಸ್ ಆಂಟಿಕೊಯಾಗುಲಂಟ್ ಪರೀಕ್ಷೆಗೆ ಪ್ಲಾಸ್ಮಾ ತೆಗೆದು ಎರಡು ಸಲ ತಿರುಗಿಸಿ, ಘನೀಕರಿಸಿ ಕಳಿಸಿದೆ. ಹೆಪಾರಿನ್ ಒಮ್ಮೆ ರಕ್ತದಲ್ಲಿ ಸೇರಿದರೆ ಆ ಪರೀಕ್ಷೆ ಗೊಂದಲವಾಗುತ್ತದೆ. ರಾತ್ರಿ ನಾನು ಮಾಡಿದ ತಡದಿಂದ ಸಿಕ್ಕ ಲಾಭ ಇದೊಂದೇ.

ಆಮೇಲೆ, ಮೊದಲೇ ಕೇಳಬೇಕಾಗಿದ್ದ ಪ್ರಶ್ನೆ ಕೇಳಿದೆ. ಮಕ್ಕಳೆಷ್ಟು? ಆಕೆ ಅತ್ತೆಯ ಮುಖ ನೋಡಿದಳು. ಎರಡು ಬಸಿರು, ಎರಡೂ ಐದನೇ ತಿಂಗಳಲ್ಲಿ ಹೋಗಿದ್ದವು. ಅತ್ತೆಯನ್ನು ಚಹಾಕ್ಕೆಂದು ಕೆಳಗೆ ಕಳಿಸಿದ ಮೇಲೆ ಗಂಡ ಪ್ಲಾಸ್ಟಿಕ್ ಚೀಲದಿಂದ ಹಳೆಯ ಕಾಗದವೊಂದನ್ನು ತೆಗೆದ. ಎರಡನೇ ಬಸಿರಿನಲ್ಲಿ ಮಾಡಿದ ವಿಡಿಆರ್‌ಎಲ್ ಪರೀಕ್ಷೆ ಪಾಸಿಟಿವ್. ಸಿಫಿಲಿಸ್ ಎಂದು ಹೇಳಿ ಇಬ್ಬರಿಗೂ ಪೆನ್ಸಿಲಿನ್ ಚುಚ್ಚಿದ್ದರು. ಅವನ ರಕ್ತದಲ್ಲಿ ಏನೂ ಇರಲಿಲ್ಲ. ಅಂದಿನಿಂದ ಮನೆಯಲ್ಲಿ ಮಾತಿಲ್ಲ ಕತೆಯಿಲ್ಲ.

ಆ ಕಾಗದ ನೋಡಿದಾಗ ನನಗೆ ರೋಗದ ಹೆಸರು ಹೊಳೆಯಿತು. ವಿಡಿಆರ್‌ಎಲ್ ಪರೀಕ್ಷೆಯಲ್ಲಿ ಬಳಸುವುದು ಕಾರ್ಡಿಯೋಲಿಪಿನ್ ಎಂಬ ಕೊಬ್ಬಿನ ವಸ್ತು. ಅಂಥ ಕೊಬ್ಬಿನ ವಿರುದ್ಧ ದೇಹ ತಾನೇ ಪ್ರತಿಕಾಯ ಮಾಡಿಕೊಂಡಿದ್ದರೆ ಸಿಫಿಲಿಸ್ ಇಲ್ಲದೆಯೂ ಪರೀಕ್ಷೆ ಪಾಸಿಟಿವ್ ಬರುತ್ತದೆ. ಆಂಟಿಫಾಸ್ಫೋಲಿಪಿಡ್ ಸಿಂಡ್ರೋಮ್. ಇಂಗ್ಲೆಂಡಿನ ಗ್ರಹಾಂ ಹ್ಯೂಸ್ 1983ರಲ್ಲಿ ಇದನ್ನು ವಿವರಿಸಿದರು. ಹೆಪ್ಪು, ಗರ್ಭಪಾತ, ಕಮ್ಮಿ ಪ್ಲೇಟ್‌ಲೆಟ್, ಮೂರೂ ಒಂದೇ ಬೇರಿನವು. ಸಿಫಿಲಿಸ್ ಖಚಿತಪಡಿಸುವ ಟಿಪಿಎಚ್‌ಎ ಮಾಡಿಸಿದೆ, ನೆಗೆಟಿವ್. ಆ ವರದಿಯನ್ನು ಗಂಡನ ಕೈಗೆ ಕೊಟ್ಟು ಅರ್ಥ ಹೇಳಿದೆ. ಅವನು ಅದನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಕಿಸೆಯಲ್ಲಿಟ್ಟುಕೊಂಡ, ಚೀಲದಲ್ಲಿ ಹಾಕಲಿಲ್ಲ.

"ರಕ್ತ ತಡಾ ಮಾಡಿ ಗಟ್ಟತೈತಿ ಅಂತೀರಿ, ಮತ್ತ ಕಾಲಾಗ ಹೆಂಗ ಗಟ್ಟಿತ್ರಿ?" ಎಂದು ಕೇಳಿದ. ಒಳ್ಳೆಯ ಪ್ರಶ್ನೆ, ಹಿಂದಿನ ರಾತ್ರಿ ನಾನು ಕೇಳಿಕೊಳ್ಳದೆ ಬಿಟ್ಟದ್ದೂ ಅದೇ. ಹಾಲಿಗೆ ಹೆಪ್ಪು ಹಾಕಿದ ಹಾಗೆ ತಿಳ್ಕೋ ಎಂದೆ. ಲ್ಯಾಬಿನವರು ಟ್ಯೂಬಿನ ರಕ್ತಕ್ಕೆ ಕೊಬ್ಬಿನ ಹೆಪ್ಪು ಹಾಕಿ ಎಷ್ಟು ಹೊತ್ತಿಗೆ ಗಟ್ಟಿಯಾಗುತ್ತದೆ ಎಂದು ನೋಡುತ್ತಾರೆ. ಈಕೆಯ ಪ್ರತಿಕಾಯ ಆ ಹೆಪ್ಪನ್ನೇ ಹಿಡಿದುಕೊಂಡುಬಿಡುತ್ತದೆ, ಅದಕ್ಕೇ ಟ್ಯೂಬಿನಲ್ಲಿ ತಡ. ದೇಹದೊಳಗೆ ಅದೇ ಪ್ರತಿಕಾಯ ರಕ್ತನಾಳದ ಗೋಡೆಯನ್ನೂ ಪ್ಲೇಟ್‌ಲೆಟ್‌ಗಳನ್ನೂ ಕೆರಳಿಸುತ್ತದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂದ್ರ ನಿಮ್ ಲ್ಯಾಬಿನ್ಯಾಗ ಹಾಲು, ಮನ್ಯಾಗ ಮೊಸರು" ಎಂದ. ಈಗ ನಾನೂ ಎಲ್ಲರಿಗೂ ಹಾಗೇ ಹೇಳುತ್ತೇನೆ.

ಚಿಕಿತ್ಸೆಗೆ ಬಂದರೆ, ಹಗ್ಗದ ಮೇಲಿನ ನಡಿಗೆಯೇ ಅದು. ಪ್ಲೇಟ್‌ಲೆಟ್ 50,000ಕ್ಕಿಂತ ಮೇಲಿದ್ದರೆ ಪೂರ್ಣ ಡೋಸು, 25,000ದಿಂದ 50,000ದ ನಡುವೆ ಅರ್ಧ, ಅದಕ್ಕೂ ಕೆಳಗಿಳಿದರೆ ನಿಲ್ಲಿಸುವುದು. ಈ ಮೆಟ್ಟಿಲುಗಳು ಕ್ಯಾನ್ಸರ್ ರೋಗಿಗಳಿಗೆಂದು ಮಾಡಿದವು, ನಾವು ಎರವಲು ತಂದು ಬಳಸುತ್ತೇವೆ. ಬೆಳಗಾವಿಯ ರಕ್ತರೋಗ ತಜ್ಞರೊಬ್ಬರಿಗೆ ಫೋನ್ ಮಾಡಿದೆ. ಸಂಖ್ಯೆ ನೋಡಿ ಕೈಕಟ್ಟಿ ಕೂರಬೇಡಿ, ಅರ್ಧ ಡೋಸಾದರೂ ಈಗಲೇ ಶುರುಮಾಡಿ ಎಂದರು. ಆಕೆಯ ತೂಕ 52 ಕಿಲೋ. ಹೆಪಾರಿನ್ನಿನದೇ ಹೊಸ ರೂಪವಾದ ಎನಾಕ್ಸಪಾರಿನ್ ಪೂರ್ಣ ಡೋಸು ಕಿಲೋಗೆ 1 ಮಿಲಿಗ್ರಾಂನಂತೆ ದಿನಕ್ಕೆ ಎರಡು ಸಲ. ಅದರ ಅರ್ಧ ಕೊಟ್ಟೆ, ಹೊಟ್ಟೆಯ ಚರ್ಮದಡಿ. ಸ್ನಾಯುವಿಗೆ ಯಾವ ಚುಚ್ಚುಮದ್ದೂ ಕೊಡಬಾರದೆಂದು ಕೇಸ್‌ಶೀಟಿನ ಮೇಲೆ ಕೆಂಪು ಶಾಯಿಯಲ್ಲಿ ಬರೆದೆ.

ಹಳೆಯ ಸಾದಾ ಹೆಪಾರಿನ್ ಡ್ರಿಪ್ ಹಾಕಬಹುದಿತ್ತು, ಬೇಕೆಂದಾಗ ನಿಲ್ಲಿಸಲು ಅದು ಸಲೀಸು. ಆದರೆ ಅದರ ಕೆಲಸವನ್ನು ಅಳೆಯುವುದು ಎಪಿಟಿಟಿಯಿಂದ. ಮೊದಲೇ 62 ಇರುವವರಲ್ಲಿ ಔಷಧ ಎಷ್ಟು ಏರಿಸಿತೆಂದು ಯಾವ ಲೆಕ್ಕದಿಂದ ನೋಡುವುದು? ತಕ್ಕಡಿಯೇ ಓರೆಯಾಗಿದ್ದರೆ ತೂಕ ಎಲ್ಲಿಂದ ಬರಬೇಕು. ಎನಾಕ್ಸಪಾರಿನ್‌ಗೆ ಆ ಅಳತೆ ಬೇಕಿಲ್ಲ.

ಪ್ಲೇಟ್‌ಲೆಟ್ ಏರಿಸಲು ಪ್ರೆಡ್ನಿಸೋಲೋನ್ 50 ಮಿಲಿಗ್ರಾಂ. ಪ್ಲೇಟ್‌ಲೆಟ್ ಬೆಳೆಸುವ ಹೊಸ ಗುಳಿಗೆಗಳ ಬಗ್ಗೆ ನನ್ನ ಕಿರಿಯ ವೈದ್ಯ ಕೇಳಿದ. ಅವು ಹೆಪ್ಪಿನ ಅಪಾಯವನ್ನೂ ಏರಿಸುತ್ತವೆ, ಇಲ್ಲಿ ಬೇಡ ಎಂದೆ. ಎಣಿಕೆ ಇನ್ನೂ ಕುಸಿದರೆ ಕಳಚಿದ ಹೆಪ್ಪು ಶ್ವಾಸಕೋಶಕ್ಕೆ ಹೋಗದಂತೆ ಹೊಟ್ಟೆಯ ದೊಡ್ಡ ಸಿರೆಯಲ್ಲಿ ಜಾಲರಿ ಇಡಿಸಲು ಬೆಳಗಾವಿಗೆ ಕಳಿಸುವ ಚೀಟಿ ಬರೆದಿಟ್ಟಿದ್ದೆ. ಬೇಕಾಗಲಿಲ್ಲ. ನಾಲ್ಕನೇ ದಿನ 47,000. ಆರನೇ ದಿನ 63,000. ಅಂದೇ ಪೂರ್ಣ ಡೋಸಿಗೆ ಏರಿಸಿದೆ. ಮುಂದೆಯೂ ದಿನ ಬಿಟ್ಟು ದಿನ ಎಣಿಸಿದೆ, ಯಾಕೆಂದರೆ ಹೆಪಾರಿನ್ ತಾನೇ ಕೆಲವರಲ್ಲಿ ಐದರಿಂದ ಹತ್ತು ದಿನಗಳ ನಡುವೆ ಪ್ಲೇಟ್‌ಲೆಟ್ ಇಳಿಸುತ್ತದೆ. ಇಳಿದಾಗ ರೋಗದ್ದೋ ಔಷಧದ್ದೋ ಗೊತ್ತಾಗದೆ ಪೇಚಾಡಬೇಕಾಗುತ್ತದೆ. ಅತ್ತೆ ಕಾಲಿನ ಕೆಳಗೆ ಎರಡು ದಿಂಬಿಟ್ಟು ಸೊಸೆಯನ್ನು ಅಲುಗಾಡಲು ಬಿಟ್ಟಿರಲಿಲ್ಲ. ಅವರನ್ನು ಒಪ್ಪಿಸಿ ವರಾಂಡದಲ್ಲಿ ನಡೆಸಿದೆ.

ಲೂಪಸ್ ಆಂಟಿಕೊಯಾಗುಲಂಟ್ ಸೇರಿ ಈ ರೋಗಕ್ಕೆಂದು ನೋಡುವ ಮೂರೂ ಪ್ರತಿಕಾಯಗಳು ಪಾಸಿಟಿವ್ ಬಂದವು. ಗಂಡ ಮೊಬೈಲಿನಲ್ಲಿ ನೋಡಿಕೊಂಡು ಬಂದಿದ್ದ: "ರಕ್ತ ತಪಾಸ್ ಮಾಡ್ಸೂದು ಬ್ಯಾಡ, ಬರೇ ಗುಳಗಿ ನುಂಗಿದ್ರ ಸಾಕು ಅನ್ನೂ ಔಷಧ ಐತೆಂತಲ್ರಿ?" ಇದೆ, ಬೇರೆಯವರಿಗೆ ನಾನೂ ಅದನ್ನೇ ಬರೆಯುತ್ತೇನೆ. ಆದರೆ ಮೂರೂ ಪಾಸಿಟಿವ್ ಇರುವ 120 ಜನರ ಮೇಲೆ ಇಟಲಿಯಲ್ಲಿ ನಡೆದ ಅಧ್ಯಯನವನ್ನು ನಡುವೆಯೇ ನಿಲ್ಲಿಸಬೇಕಾಯಿತು. 2018ರಲ್ಲಿ ಪ್ರಕಟವಾದ ಅದರ ಫಲಿತಾಂಶದಲ್ಲಿ ಅಂಥ ಹೊಸ ಗುಳಿಗೆಗಳಲ್ಲೊಂದಾದ ರಿವರೋಕ್ಸಬ್ಯಾನ್ ತೆಗೆದುಕೊಂಡ 59 ಜನರಲ್ಲಿ 7 ಮಂದಿಗೆ ಪಾರ್ಶ್ವವಾಯು ಅಥವಾ ಹೃದಯಾಘಾತವಾಗಿತ್ತು, ಹೆಪ್ಪು ತಡೆಯುವ ಹಳೆಯ ಗುಳಿಗೆ ವಾರ್ಫರಿನ್ ತೆಗೆದುಕೊಂಡವರಲ್ಲಿ ಒಬ್ಬರಿಗೂ ಆಗಿರಲಿಲ್ಲ. ಹಾಗಾಗಿ ವಾರ್ಫರಿನ್ನೇ ಗತಿ. ಅದು ಎಷ್ಟು ಕೆಲಸ ಮಾಡುತ್ತಿದೆ ಎಂದು ತೋರಿಸುವ ರಕ್ತಪರೀಕ್ಷೆ ಐಎನ್‌ಆರ್ 2ರಿಂದ 3ರ ನಡುವೆ ಇರಬೇಕು. ಮೊದಲ ಐದು ದಿನವಾದರೂ ಚುಚ್ಚುಮದ್ದು ಜೊತೆಗಿರಬೇಕು. ವಾರ್ಫರಿನ್ ಶುರುವಿನಲ್ಲಿ ರಕ್ತವನ್ನು ಹದದಲ್ಲಿಡುವ ಪ್ರೋಟೀನ್ ಸಿ ಅನ್ನೇ ಮೊದಲು ಇಳಿಸುವುದರಿಂದ, ಒಂದೇ ಕೊಟ್ಟರೆ ಹೆಪ್ಪು ಹೆಚ್ಚಾದೀತು.

ಮನೆಗೆ ಕಳಿಸಿದ ಮೇಲೇ ನಿಜವಾದ ಕೆಲಸ. ಗೋಡೆಯ ಕ್ಯಾಲೆಂಡರಿನಲ್ಲಿ ಪ್ರತಿದಿನದ ಡೋಸು ಬರೆಯುವುದು, ಗುಳಿಗೆಯ ಬಣ್ಣವನ್ನಲ್ಲ, ಪಟ್ಟಿಯ ಮೇಲಿನ ಸಂಖ್ಯೆ ಓದುವುದು, ಒಂದೇ ಲ್ಯಾಬಿಗೆ ಹೋಗುವುದು. ಎರಡು ಸಲ ಎಡವಿದೆವು. ಮೊದಲನೆಯದು ಎಳ್ಳ ಅಮಾವಾಸ್ಯೆಯ ಹೊತ್ತಿಗೆ. ಐಎನ್‌ಆರ್ ಇದ್ದಕ್ಕಿದ್ದಂತೆ 1.4. ಗುಳಿಗೆ ತಪ್ಪಿಲ್ಲವೆಂದು ಆಣೆ ಮಾಡಿದಳು. ತಿಂದದ್ದೇನೆಂದು ಒಂದೊಂದಾಗಿ ಕೇಳುತ್ತ ಹೋದಾಗ ಹೊರಬಿತ್ತು, ಚರಗಕ್ಕೆ ತವರಿಗೆ ಹೋದವಳು ಹತ್ತು ದಿನ ಹೊಲದಲ್ಲಿ ಚಿವುಟಿದ ಕಡಲಿ ಪಲ್ಯ, ಹಕ್ಕರಕಿ, ಹಸಿ ಮೆಂತೆ ರೊಟ್ಟಿಯ ಜೊತೆ ಮೂರು ಹೊತ್ತೂ ತಿಂದಿದ್ದಳು. ಹಸಿರೆಲೆಯ ವಿಟಮಿನ್ ಕೆ ವಾರ್ಫರಿನ್ನಿನ ಕೈ ಕಟ್ಟಿಹಾಕುತ್ತದೆ. ನಮ್ಮಲ್ಲಿ ಬಹಳ ವೈದ್ಯರು ಪಲ್ಯವನ್ನೇ ಬಿಡಿ ಎನ್ನುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. ಉತ್ತರ ಕರ್ನಾಟಕದ ಊಟದಿಂದ ಪಲ್ಯ ತೆಗೆದರೆ ಉಳಿಯುವುದು ರೊಟ್ಟಿ, ಖಾರ. ವರ್ಷವಿಡೀ ದಿನಕ್ಕೆ ಒಂದು ಹಿಡಿ, ಹೆಚ್ಚೂ ಬೇಡ ಕಮ್ಮಿಯೂ ಬೇಡ ಎಂದೆ. ಡೋಸನ್ನು ಆ ಒಂದು ಹಿಡಿಗೆ ಹೊಂದಿಸಿದೆ.

ಎರಡನೆಯದು ಇದರ ಉಲ್ಟಾ. ಭೇದಿಯೆಂದು ಔಷಧ ಅಂಗಡಿಯಿಂದ ಮೆಟ್ರೋನಿಡಜೋಲ್ ತಂದು ನುಂಗಿದ್ದಳು, ಅದು ವಾರ್ಫರಿನ್ನಿನ ಬಲ ಹೆಚ್ಚಿಸುತ್ತದೆ. ನಾಲ್ಕನೇ ದಿನ ಹಲ್ಲುಜ್ಜುವಾಗ ರಕ್ತ, ಐಎನ್‌ಆರ್ 5.8. ಪುಣ್ಯಕ್ಕೆ ಪ್ಲೇಟ್‌ಲೆಟ್ ಅಷ್ಟರಲ್ಲಿ 80,000 ದಾಟಿತ್ತು. ವಾರ್ಫರಿನ್ ನಿಲ್ಲಿಸಿ, ದಾಖಲಿಸಿಕೊಂಡು ದಿನವೂ ನೋಡಿದೆ, ಇಳಿಯಿತು. ಕೈಕಾಲು ನೋವಿಗೆ ಡೈಕ್ಲೋಫೆನಾಕ್ ಕೂಡ ಕೇಳದೆ ತರಬಾರದೆಂದು ಅದೇ ಕ್ಯಾಲೆಂಡರಿನ ಮೇಲೆ ಬರೆಸಿದೆ.

ಹನ್ನೆರಡು ವಾರದ ನಂತರ ಪ್ರತಿಕಾಯ ಪರೀಕ್ಷೆ ಮತ್ತೆ ಮಾಡಿಸಿದೆ, ಒಮ್ಮೆ ಬಂದದ್ದನ್ನೇ ನಂಬಿ ಜನ್ಮವಿಡೀ ಗುಳಿಗೆ ನುಂಗಿಸಬಾರದು. ವಾರ್ಫರಿನ್ ಇರುವಾಗ ಲೂಪಸ್ ಪರೀಕ್ಷೆ ನೆಚ್ಚುವಂತಿಲ್ಲ, ಉಳಿದ ಎರಡನ್ನು ಮಾಡಿಸಿದರೆ ಎರಡೂ ಹಾಗೇ ಇದ್ದವು. ಕಾಲಿನ ಬಾವು ಬಹುತೇಕ ಇಳಿದಿದೆ. ಸಂಜೆ ಹೊತ್ತು ಪಾದದ ಗಂಟಿನಲ್ಲಿ ತುಸು ಉಳಿಯುತ್ತದೆ, ಕಂಡಿಕೆ ಸುತ್ತುವಾಗ ಅರ್ಧ ತಾಸಿಗೊಮ್ಮೆ ಎದ್ದು ಅಂಗಳಕ್ಕೆ ಹೋಗಿಬರುತ್ತಾಳೆ.

ಹೋದ ತಿಂಗಳು ಬಂದಾಗ ಐಎನ್‌ಆರ್ 2.6. ಚೀಟಿ ಬರೆಯುತ್ತಿದ್ದೆ, ಆಕೆ ಏಳಲಿಲ್ಲ. ಅತ್ತೆ ಹೊರಗಿದ್ದರು. "ಇನ್ನೊಂದ್ ಸಲ ನೋಡೂಣೇನ್ರಿ ಸಾಹೇಬ್ರ?" ಎಂದು ಗಂಡನೇ ಕೇಳಿದ. ವಾರ್ಫರಿನ್ ಮೊದಲ ತಿಂಗಳುಗಳಲ್ಲಿ ಕೂಸಿನ ಎಲುಬಿಗೂ ಮೂಗಿಗೂ ಕೇಡು. ಮುಟ್ಟು ನಿಂತ ಕೂಡಲೇ ಅದನ್ನು ಬಿಟ್ಟು ಎನಾಕ್ಸಪಾರಿನ್ ಚುಚ್ಚುಮದ್ದು, ಜೊತೆಗೆ ಸಣ್ಣ ಡೋಸಿನ ಆಸ್ಪಿರಿನ್, ಹೆರಿಗೆಯವರೆಗೂ ಮತ್ತು ಆಮೇಲೂ. ಹೆರಿಗೆ ತಜ್ಞರು, ರಕ್ತರೋಗ ತಜ್ಞರು, ನಾನು ಮೂವರೂ ಮೊದಲೇ ಕೂತು ಮಾತಾಡಬೇಕು ಎಂದೆ. ಖರ್ಚು ಎಷ್ಟಾಗುತ್ತದೆ ಎಂದು ಕೇಳಿದ. ಹೇಳಿದೆ. ಒಂದು ಗಳಿಗೆ ಸುಮ್ಮನಿದ್ದ. ಆಮೇಲೆ ಸಿರಿಂಜ್ ಚುಚ್ಚುವುದನ್ನು ತಾನೇ ಕಲಿಯಬಹುದೇ ಎಂದು ಕೇಳಿದ. ನರ್ಸ್ ಸಿಸ್ಟರನ್ನು ಕರೆದೆ. ನೂಲಿನ ಎಳೆ ತುಂಡಾದರೆ ಕಣ್ಣು ಮುಚ್ಚಿ ಗಂಟು ಹಾಕುವ ಬೆರಳುಗಳು ಅವನವು. ಕಿತ್ತಳೆ ಹಣ್ಣಿನ ಮೇಲೆ ಎರಡು ಸಲ ಚುಚ್ಚಿ ನೋಡಿ, ಮೂರನೇ ಸಲಕ್ಕೆ ಸರಿಯಾಗಿ ಹಿಡಿದ.